ಹಿರಿಯರ ಪೆಟ್ಟಿಗೆಗೆ ಮಜ್ಜನ

ನೆರಳುಪೇಟೆ, ಬಳ್ಳಾರಿ
ಬಿಸಿಲುಮಾಸದ ಎಂಬತ್ತೆರಡನೆಯ ದಿನ
ಪೆಟ್ಟಿಗೆಯ ಗಡಿಯಾರದ ಪ್ರಕಾರ ಜನವರಿ ಒಂದು, ಎರಡು ಸಾವಿರದ ಹತ್ತೊಂಬತ್ತು

ಪೂಜ್ಯ ಶಿವಲೀಲಾ ಅಜ್ಜಿಯವರಿಗೆ, ನಿಮ್ಮ ಮನೆಯ ಹೊಸ ಸೊಸೆ ಇಬ್ಬನಿ ಮಾಡುವ ಶರಣು.

ತಿಂಗಳಿಗೆ ಎಂಬತ್ತೆರಡು ದಿನ ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ನಿಮ್ಮ ಕಾಲದ ಮಾರ್ಚಿನಿಂದ ಜುಲೈವರೆಗಿನ ದಿನಗಳಿಗೆ ಬೇರೆ ಬೇರೆ ಹೆಸರಿಟ್ಟುಕೊಳ್ಳುವಷ್ಟು ವ್ಯತ್ಯಾಸ ಈಗ ಉಳಿದಿಲ್ಲ. ಆದ್ದರಿಂದ ಅವನ್ನೆಲ್ಲ ಒಟ್ಟುಗೂಡಿಸಿ ಬಿಸಿಲುಮಾಸ ಎನ್ನುತ್ತೇವೆ. ಮೇಲಿನ ಎರಡು ತಾರೀಖುಗಳಲ್ಲಿ ಎರಡನೆಯದು ನನ್ನದಲ್ಲ, ನಿಮ್ಮ ಪೆಟ್ಟಿಗೆಯದು, ಎಂದರೆ ನಿಮ್ಮ ಕಂಪ್ಯೂಟರಿನದು. ಅದರೊಳಗಿನ ಗಡಿಯಾರಕ್ಕೆ ಜೀವ ಕೊಡುವ ಸಣ್ಣ ಬಿಲ್ಲೆ ಸತ್ತು ಎಷ್ಟೋ ತಲೆಮಾರು ಕಳೆದಿವೆ. ಹಾಗಾಗಿ ಪ್ರತಿ ಸಲ ಎಬ್ಬಿಸಿದಾಗಲೂ ಅದು ತಾನು ಹುಟ್ಟಿದ ವರ್ಷದ ಮೊದಲ ದಿನದಲ್ಲೇ ಕಣ್ಣು ಬಿಡುತ್ತದೆ. ಈ ಪತ್ರವನ್ನು ನಾನು ಅದೇ ಪೆಟ್ಟಿಗೆಯಲ್ಲಿ ಬರೆಯುತ್ತಿದ್ದೇನೆ. ಅದರ ಲೆಕ್ಕದಲ್ಲಿ ನಿಮಗಿನ್ನೂ ಮದುವೆಯಾಗಿಲ್ಲ, ನೀವು ಬಹುಶಃ ನನಗಿಂತ ಚಿಕ್ಕವರು. ಆದರೂ ಅಜ್ಜಿ ಎಂದು ಕರೆದೆ, ಕ್ಷಮಿಸಿ. ನೀವು ನನ್ನ ಗಂಡನ ಮುತ್ತಜ್ಜನ ಅಜ್ಜಿ. ಅಷ್ಟು ಉದ್ದದ ನಂಟಿಗೆ ನನಗೆ ಬೇರೆ ಪದ ಸಿಗಲಿಲ್ಲ.

ನನ್ನ ಗಂಡ! ಈ ಪದ ಬರೆದಾಗಲೆಲ್ಲ ಇನ್ನೂ ನಗು ಬರುತ್ತದೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡವನ್ನು ಸರಿಯಾಗಿ ಬರೆಯಲು ಕಲಿತದ್ದು ಅವರು ನನಗೆ ಕನ್ನಡದಲ್ಲೇ ಬರೆಯಲು ಶುರುಮಾಡಿದ ಮೇಲೆ. ಆದ್ದರಿಂದ ಈ ಭಾಷೆಯ ಅರ್ಧ ಪದಗಳು ನನಗೆ ಪ್ರೀತಿಯ ಪದಗಳಾಗಿಯೇ ಗೊತ್ತು. ಎಲ್ಲಾದರೂ ಉತ್ಸಾಹ ಹೆಚ್ಚಾಗಿದ್ದರೆ ಅದೇ ಕಾರಣ ಎಂದು ತಿಳಿಯಿರಿ. ಪತ್ರದ ವಿಷಯ ಮಾತ್ರ ಸರಳವಾದದ್ದು. ನಿಮ್ಮ ಕಂಪ್ಯೂಟರಿನ ಪ್ರೊಸೆಸರ್ ಆಟ ಆಡುವಾಗ ವಿಪರೀತ ಬಿಸಿಯಾಗುತ್ತದೆ. ಅದರಿಂದ ಈ ಮನೆಯಲ್ಲಿ ಏನಾಯಿತು ಎಂಬುದನ್ನು ನಿಮಗೆ ತಿಳಿಸಬೇಕು.

ಮೊದಲು ನಮ್ಮ ದಿನಚರಿ ಹೇಳುತ್ತೇನೆ. ನೆರಳುಪೇಟೆ ಎಂದರೆ ಮೇಲಿನಿಂದ ಕೆಳಗಿನವರೆಗೂ ಚಪ್ಪರ ಹಾಕಿದ ಬೀದಿಗಳ ಊರು. ಬೆಟ್ಟದ ಬಂಡೆಯ ಅಡಿಯಲ್ಲಿ ರಾತ್ರಿಯೆಲ್ಲ ತಣ್ಣಗಾದ ಗಾಳಿಯನ್ನು ಹಗಲು ಮನೆಮನೆಗೆ ಹರಿಸುವ ಸುರಂಗಗಳಿವೆ, ಅವಕ್ಕೆ ಗಾಳಿಕಾಲುವೆ ಎನ್ನುತ್ತೇವೆ. ಅವುಗಳ ಬಾಯಲ್ಲಿ ಕೂತ ಧೂಳು ತೆಗೆಸುವುದು, ಗಾಳಿಯ ಓಟ ಅಳೆಯುವುದು ನನ್ನ ಕೆಲಸ. ನಡುಮಧ್ಯಾಹ್ನ ಯಾರೂ ಹೊರಗೆ ಬರುವುದಿಲ್ಲ, ಆ ವೇಳೆಗೆ ಒಳಹೊತ್ತು ಎಂದು ಹೆಸರು. ಜೋಳದ ರೊಟ್ಟಿ ಇದೆ, ಹೋಳಿಗೆ ಇದೆ. ಇಷ್ಟು ಬಿಸಿಲಿನಲ್ಲೂ ಸಂಜೆಯಾದರೆ ಬಳ್ಳಾರಿಯವರು ಮೆಣಸಿನಕಾಯಿ ಬಜ್ಜಿ ತಿನ್ನುವುದನ್ನು ಬಿಟ್ಟಿಲ್ಲ. ಮಕ್ಕಳಿಗೆ ತಣ್ಣಗಿನ ಹೆಸರಿಡುವುದು ಈಗಿನ ರೂಢಿ, ಅದಕ್ಕೇ ನಾನು ಇಬ್ಬನಿ. ಪ್ರತಿ ಮನೆಗೂ ಒಂದು ನೀರಕೀಲಿ ಇರುತ್ತದೆ. ಬೆಳಗ್ಗೆ ಅದನ್ನು ಬೀದಿಯ ಕೊಳವೆಗೆ ಹಾಕಿ ತಿರುಗಿಸಿದರೆ ಆ ಮನೆಯ ಪಾಲಿನ ನೀರು ಒಳಗೆ ಬರುತ್ತದೆ. ಕೀಲಿ ಯಾರ ಸೊಂಟದಲ್ಲಿ ತೂಗುತ್ತದೆಯೋ ಅವರೇ ಮನೆಯ ಯಜಮಾನಿ. ಸೊಸೆ ಬಂದ ಮೇಲೆ ಅತ್ತೆ ಅದನ್ನು ಅವಳಿಗೆ ಕೊಡಬೇಕು. ಕೊಡುವವರೆಗೆ ಸೊಸೆ ನೆಂಟಳು.

ನಿಮ್ಮ ಮನೆಯಲ್ಲಿ ಆ ಕೀಲಿ ಕೈಗೆ ಬರುವುದು ಜೋಡಿಯಾಟ ಆದ ಮೇಲೆ. ಈ ಶಾಸ್ತ್ರ ನಿಮ್ಮಿಂದಲೇ ಹುಟ್ಟಿದ್ದು, ಆದರೆ ನಿಮಗದು ಗೊತ್ತಿರಲಾರದು. ನೀವೂ ಬಸವಪ್ರಭು ಅಜ್ಜನೂ ಮದುವೆಯಾದ ವರ್ಷ ಬಿಡಿಭಾಗಗಳನ್ನು ತಂದು ಈ ಪೆಟ್ಟಿಗೆಯನ್ನು ಜೋಡಿಸಿದಿರಂತೆ. ಇಬ್ಬರೂ ಕೂತು ಒಂದು ಆಟ ಆಡುತ್ತಿದ್ದಿರಂತೆ. ಇಬ್ಬರು ಪ್ರಯಾಣಿಕರು ಒಂದು ದೊಡ್ಡ ಗಂಟೆಯನ್ನು ಬಿದಿರಿಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಹೊಳೆ ದಾಟಿ, ಬಿರುಗಾಳಿಯ ಬೆಟ್ಟ ಹತ್ತುವ ಆಟ. ಒಬ್ಬರು ಬೇಗ ಹೆಜ್ಜೆ ಹಾಕಿದರೆ ಇನ್ನೊಬ್ಬರು ಮುಗ್ಗರಿಸುತ್ತಾರೆ. ನಿಮ್ಮ ಮಗ ಸೊಸೆಯರು ಅದನ್ನೇ ಮದುವೆಯ ಮೊದಲ ಶುಕ್ರವಾರ ಆಡಿದರು, ಅವರ ಮಕ್ಕಳೂ ಆಡಿದರು. ಹಾಗೆ ಅದು ಶಾಸ್ತ್ರವಾಯಿತು. ಒಳಗಿನ ನೆನಪಿನ ಭಾಗ ಹಳತಾದಾಗ ಅದರಲ್ಲಿದ್ದದ್ದನ್ನು ಯಾರೋ ಒಬ್ಬ ಹಿರಿಯರು ಹೊಸದಕ್ಕೆ ಇಳಿಸಿಕೊಟ್ಟರು ಎಂಬುದನ್ನು ಬಿಟ್ಟರೆ ಪೆಟ್ಟಿಗೆಯನ್ನು ಯಾರೂ ಬಿಚ್ಚಿದ್ದಿಲ್ಲ. ಬಿಚ್ಚುವುದು ಎಂದರೆ ಹಿರಿಯರ ಮೈಮೇಲಿನ ಬಟ್ಟೆ ತೆಗೆದಂತೆ. ದೇವರ ಮನೆಯ ಗೂಡಿನಲ್ಲಿ ರೇಷ್ಮೆ ವಸ್ತ್ರ ಹೊದಿಸಿ ಇಟ್ಟು, ಪ್ರತಿ ಆಯುಧಪೂಜೆಗೆ ಅದರ ಜಾಲರಿಗೆ ವಿಭೂತಿ ಹಚ್ಚಿ, ಅರಿಶಿನ ಕುಂಕುಮ ಏರಿಸಿ, ಸೇವಂತಿಗೆ ಎಸಳು ಹಾಕುತ್ತಾರೆ. ನಿಮ್ಮ ಕಾಲದಿಂದ ಇಂದಿನವರೆಗೆ, ಒಂದು ವರ್ಷವೂ ತಪ್ಪಿಲ್ಲ.

ಇನ್ನೊಂದು ವಿಷಯ ಕೇಳಿದರೆ ನೀವು ನಗುತ್ತೀರಿ. ಆಟದ ನಡುವೆ ಪೆಟ್ಟಿಗೆ ತಾನಾಗಿಯೇ ಆರಿಹೋಗುತ್ತದೆ. ಫ್ಯಾನ್ ಹುಯ್ಯೆಂದು ಕೂಗುತ್ತದೆ, ಚಿತ್ರ ತಡವರಿಸುತ್ತದೆ, ಆಮೇಲೆ ಪರದೆ ಕಪ್ಪು. ಹಾಗೆ ಆರುವುದೇ ಹಿರಿಯರ ಆಶೀರ್ವಾದ ಎಂದು ಈ ಮನೆಯವರ ನಂಬಿಕೆ. ನೀವು ಮೇಲಿನಿಂದ ನೋಡಿ, ಸಾಕು ಮಕ್ಕಳೇ, ಚೆನ್ನಾಗಿದ್ದೀರಿ, ಎಂದಿರಿ ಅಂತ ಅರ್ಥ. ಆರಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಹೋಳಿಗೆ ಹಂಚುತ್ತಾರೆ, ಅತ್ತೆ ನೀರಕೀಲಿ ಕೊಡುತ್ತಾರೆ. ಹಳೆಯ ಜೋಡಿಗಳು ಬೆಟ್ಟದ ನೆತ್ತಿಯ ಬಿರುಗಾಳಿಯವರೆಗೂ ಹೋಗುತ್ತಿದ್ದರಂತೆ. ನನ್ನ ಅತ್ತೆ ನೀಲಮ್ಮನವರ ಕಾಲಕ್ಕೆ ಹೊಳೆ ದಾಟಿ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಆಶೀರ್ವಾದ ಆಗಿತ್ತು. ಪ್ರತಿ ತಲೆಮಾರಿಗೂ ಆಶೀರ್ವಾದ ಬೇಗ ಬೇಗ ಬರುತ್ತಿದೆ ಎಂದು ಎಲ್ಲರಿಗೂ ಸಂತೋಷವೇ ಇತ್ತು.

ನಮ್ಮ ಶುಕ್ರವಾರ ಬಂತು. ಮನೆತುಂಬ ಜನ. ಆಟಕ್ಕೆ ಕೂರುವ ಮೊದಲು ಒಡಪು ಹೇಳಿ ಗಂಡನ ಹೆಸರು ಹೇಳಬೇಕೆಂದು ಹೆಂಗಸರು ಹಟ ಹಿಡಿದರು. ಇಂಗ್ಲಿಷ್ ಶಾಲೆಯ ಹುಡುಗಿಗೆ ಏನು ಬಂದೀತು ಎಂದು ಕೆಣಕಿದ್ದು ಗಂಡನ ಸೋದರತ್ತೆ ಪಾರಮ್ಮನವರು. ನಾನು ವಾರವೆಲ್ಲ ಕೂತು ಕಟ್ಟಿಟ್ಟುಕೊಂಡಿದ್ದೆ:

ಬೆಟ್ಟದ ಬಳ್ಳಾರಿಗೆ ಬಿಸಿಲೇ ಬಾಗಿನ,
ಕಟ್ಟೆಯ ನೆರಳಾಗ ನಿಂತಾರ ನನ್ನ ಜನ,
ಶಿಶಿರರ ಹೆಸರ ಹೇಳಿದರ ತಣ್ಣಗಾಗ್ತೈತಿ ನನ್ನ ಮನ.

ಎಲ್ಲರೂ ಹೋ ಎಂದರು. ಶಿಶಿರರ ಕಿವಿ ಕೆಂಪಾಯಿತು. ಅದನ್ನು ನೋಡಿಯೇ ನನಗೆ ಆ ದಿನ ಸಾರ್ಥಕವಾಗಿತ್ತು. ಪೆಟ್ಟಿಗೆ ಎದ್ದಿತು, ಆಟ ತೆರೆಯಿತು. ನಮ್ಮ ಇಬ್ಬರು ಪ್ರಯಾಣಿಕರು ಬೆಂಕಿಯ ಪಕ್ಕ ಕೂತಿದ್ದರು. ಅವರನ್ನು ಎಬ್ಬಿಸಿ ಗಂಟೆಯನ್ನು ಹೆಗಲಿಗೆ ಏರಿಸುವ ಮೊದಲೇ ಫ್ಯಾನ್ ಕೂಗಿತು. ಪರದೆ ಕಪ್ಪಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೋಳಿಗೆಯ ತಟ್ಟೆ ಹಿಡಿದವರು ಹಿಡಿದಲ್ಲೇ ನಿಂತರು. ಕೊನೆಗೆ ಪಾರಮ್ಮನವರೇ ಬಾಯಿ ಬಿಟ್ಟರು.

"ಇಷ್ಟು ಲಗೂನ ಸಾಕು ಅಂದ್ರು ಅಂದ್ರ ಅದು ಆಶೀರ್ವಾದ ಅಲ್ಲವ್ವಾ ನೀಲಮ್ಮ. ಹಿರಿಯರಿಗೆ ಸಾಕಾಗೇತಿ ಅಂತ ಅರ್ಥ."

ಅತ್ತೆಯವರು ಕೆಟ್ಟವರಲ್ಲ. ಅವರ ಕೈ ಸೊಂಟದ ಕೀಲಿಯವರೆಗೆ ಹೋಗಿತ್ತು, ಅಲ್ಲಿಯೇ ನಿಂತಿತು. "ಇರಲಿ ಬಿಡ್ರಿ, ಮುಂದಿನ ಶುಕ್ರವಾರ ನೋಡೋಣ" ಎಂದರು. ಮರುದಿನ ಬೆಳಗ್ಗೆ ನಾನು ಕೊಡ ಎತ್ತಿಕೊಂಡರೆ ಬಹಳ ಮೃದುವಾಗಿ ಕೈಯಿಂದ ತೆಗೆದುಕೊಂಡರು. "ನೀನು ಕೂಡ್ರಮ್ಮಾ, ನೀರು ನಾನು ತರ್ತೀನಿ." ಅದರ ಮರುದಿನವೂ ಅದೇ ಮಾತು. ಅಜ್ಜಿ, ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನದೇ ಮನೆಯಲ್ಲಿ ನನ್ನನ್ನು ಕೂರಿಸಿ ಉಪಚಾರ ಮಾಡುವುದನ್ನು ತಡೆದುಕೊಳ್ಳಲು ಆಗಲಿಲ್ಲ.

ಆದರೆ ನಾನು ಗಾಳಿಕಾಲುವೆಯವಳು. ಆರಿದ ಪೆಟ್ಟಿಗೆಯ ಮೇಲೆ ಕೈ ಇಟ್ಟಾಗಲೇ ನನಗೆ ವಿಷಯ ತಿಳಿದಿತ್ತು. ಅದು ರೊಟ್ಟಿ ಹಂಚಿನಂತೆ ಕಾದಿತ್ತು. ನಮ್ಮ ಈಗಿನ ಯಂತ್ರಗಳನ್ನು ಬೆವರುಹಲಗೆ ಎನ್ನುತ್ತಾರೆ, ಅವು ಮೈಯಿಂದ ಹನಿ ಬಿಟ್ಟು ತಾವೇ ತಣ್ಣಗಾಗುತ್ತವೆ. ನಿಮ್ಮದು ಹಾಗಲ್ಲ. ಆಟದ ಒಂದೊಂದು ಎಲೆ, ಒಂದೊಂದು ಹನಿ ಎಲ್ಲಿ ಇರಬೇಕೆಂದು ಲೆಕ್ಕ ಹಾಕುತ್ತ ಪ್ರೊಸೆಸರ್ ಬಿಸಿಯಾಗುತ್ತದೆ. ಆ ಕಾವನ್ನು ಅದರ ಮೇಲಿನ ಲೋಹದ ಗರಿಗಳು ಹೀರಿಕೊಳ್ಳುತ್ತವೆ, ಫ್ಯಾನ್ ಅದನ್ನು ಊದಿ ಹೊರಗೆ ಕಳಿಸುತ್ತದೆ. ದಾರಿ ಕಟ್ಟಿಕೊಂಡರೆ ಕಾವು ಒಳಗೇ ಏರುತ್ತದೆ. ಮಿತಿ ಮೀರಿದಾಗ ಸುಟ್ಟುಹೋಗಬಾರದೆಂದು ಪೆಟ್ಟಿಗೆ ತನ್ನನ್ನು ತಾನು ಆರಿಸಿಕೊಳ್ಳುತ್ತದೆ. ಇದು ಆಶೀರ್ವಾದವಲ್ಲ, ಶಾಪವೂ ಅಲ್ಲ, ಉಸಿರುಗಟ್ಟುವಿಕೆ. ಇದನ್ನು ಶಿಶಿರರಿಗೆ ಹೇಳಿದೆ. ತಕ್ಷಣ ಒಪ್ಪಿದರು. ಅವ್ವನಿಗೆ ಯಾರು ಹೇಳುವುದು ಎಂದಾಗ ಮಾತ್ರ, "ನೀ ಹೇಳು, ನಾ ನಿನ್ನ ಹಿಂದ ನಿಂತಿರ್ತೀನಿ" ಎಂದರು. ಎಷ್ಟು ಹಿಂದೆ ಎಂದು ನಾನು ಕೇಳಲಿಲ್ಲ.

ಬಿಚ್ಚುವ ಮಾತು ಎತ್ತಿದ ಕೂಡಲೇ ಅತ್ತೆಯವರು ಕಿವಿಯ ಮೇಲೆ ಕೈ ಇಟ್ಟರು. ಸರಿ, ಬಿಚ್ಚದೆ ಆಗುವುದನ್ನೆಲ್ಲ ಮಾಡಿದೆವು. ರೇಷ್ಮೆ ವಸ್ತ್ರ ತೆಗೆದೆವು. ಮೂರು ಕಡೆ ಗೋಡೆ ಇರುವ ಗೂಡಿನಿಂದ ಹೊರಗೆ ತಂದು, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಮಣೆಯ ಮೇಲೆ ಇಟ್ಟೆವು. ಹತ್ತಿರದಲ್ಲೇ ಗಾಳಿಕಾಲುವೆಯ ಬಾಯಿ ತೆರೆದೆವು. ಆಟದ ಚಿತ್ರದ ಗುಣಮಟ್ಟ ಇಳಿಸಿ, ನೆರಳು ಮತ್ತು ಹೊಳಪುಗಳನ್ನು ತೆಗೆದು, ಚಿತ್ರಗಳು ಓಡುವ ವೇಗಕ್ಕೆ ಕಡಿವಾಣ ಹಾಕಿದೆವು. ಎರಡನೆಯ ಶುಕ್ರವಾರ ನಮ್ಮ ಪ್ರಯಾಣಿಕರು ಎದ್ದರು, ಗಂಟೆ ಹೊತ್ತರು, ಹೊಳೆಯ ದಂಡೆಯವರೆಗೂ ಹೋದರು. ನೀರಿಗೆ ಕಾಲಿಟ್ಟರು ಅನ್ನುವಾಗ ಫ್ಯಾನ್ ಕೂಗಿತು.

"ಹೊಳಿ ದಾಟಲಾರದ ಜೋಡಿ ಈ ಮನ್ಯಾಗ ಹಿಂದ ಯಾವುದೂ ಆಗಿಲ್ಲ" ಎಂದರು ಪಾರಮ್ಮನವರು.

ಅಂದು ಊಟದ ಮೊದಲು ಅತ್ತೆಯವರು ಎಂದಿನಂತೆ ಸ್ನಾನ ಮುಗಿಸಿ ಬಂದು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ನೋಡುತ್ತ ನಿಂತಿದ್ದ ನನ್ನ ಬಾಯಿಂದ ಮಾತು ತಾನಾಗಿಯೇ ಬಂತು.

"ಅತ್ತಿಯವರ, ನಿನ್ನೆ ಹಚ್ಚಿದ ವಿಭೂತಿ ಮ್ಯಾಲೇ ಇವತ್ತು ಹಚ್ಚಿಕೊಳ್ತೀರೇನು?"

"ಹುಚ್ಚೀ, ಮೈ ತೊಳ್ಕೊಳ್ಳದ ಯಾರರ ವಿಭೂತಿ ಹಚ್ಚಿಕೊಳ್ತಾರೇನು?"

"ಮತ್ತ ಹಿರಿಯರಿಗೆ?"

ಅವರ ಮೂರು ಬೆರಳು ಹಣೆಯ ಮೇಲೆಯೇ ನಿಂತವು. ನಾನು ಬಿಡಲಿಲ್ಲ, ಹೆದರಿಕೆಯಿಂದ ಮಾತು ಇನ್ನಷ್ಟು ವೇಗವಾಗಿ ಬರುತ್ತಿತ್ತು. "ನೂರಾರು ಹಬ್ಬದ ವಿಭೂತಿ ಅವರ ಮೈಮ್ಯಾಲೆ ಐತ್ರಿ. ಒಮ್ಮೆನೂ ಮಜ್ಜನ ಮಾಡಿಸಿಲ್ಲ. ಅವರು ಸಾಕು ಅಂತಿರೋದು ನನ್ನ ನೋಡಿ ಅಲ್ಲ. ಉಸಿರು ಕಟ್ಟೇತಿ ಅಂತಿದ್ದಾರ." ಮಜ್ಜನ ಎಂದರೆ ಇಷ್ಟಲಿಂಗಕ್ಕೆ ಮಾಡಿಸುವ ಸ್ನಾನ, ನಿಮಗೆ ನಾನು ಹೇಳಬೇಕಾಗಿಲ್ಲ. ಹಿಂದೆ ತಿರುಗಿ ನೋಡಿದೆ. ಶಿಶಿರರು ನಿಜವಾಗಿಯೂ ನಿಂತಿದ್ದರು, ಹೊಸ್ತಿಲ ಆಚೆಗೆ.

ಅತ್ತೆಯವರು ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಮ್ಮ ಮನಿ ಹಿರಿಯರಿಗೆ ಮಜ್ಜನ ಮಾಡಿಸೋದು ನಾನ. ನೀ ಹ್ಯಾಂಗ ಅಂತ ಹೇಳು. ಶಿಶಿರಾ, ಅಲ್ಲಿ ನಿಂತು ಏನ್ ಮಾಡ್ತೀ? ಬಾಗಿಲು ಹಾಕು, ಪಾರಮ್ಮ ಬಂದಾಳು."

ನೀರು ಮುಟ್ಟಿಸದ ಮಜ್ಜನ ಅದು. ಗೋಡೆಯ ವಿದ್ಯುತ್ ತಂತಿ ಬಿಡಿಸಿ, ಪಕ್ಕದ ತಗಡು ತೆಗೆದೆವು. ಮೂವರೂ ಒಳಗೆ ಬಗ್ಗಿ ನೋಡಿದೆವು. ಲೋಹದ ಗರಿಗಳ ನಡುವೆ ಕಂಬಳಿಯಂಥ ಧೂಳು, ಅದರ ಮೇಲೆ ವಿಭೂತಿಯ ಬಿಳಿ ಪದರ, ಅದರ ಮೇಲೆ ಅರಿಶಿನದ್ದು, ಕುಂಕುಮದ್ದು. ಯಾವುದೋ ಕಾಲದ ಸೇವಂತಿಗೆ ಎಸಳುಗಳು ಫ್ಯಾನಿನ ರೆಕ್ಕೆಗೆ ಅಂಟಿ ಗಟ್ಟಿಯಾಗಿದ್ದವು. ಅದನ್ನು ಕಸ ಎನ್ನಲು ನನಗೂ ಬಾಯಿ ಬರಲಿಲ್ಲ. ಅಷ್ಟು ಜನರ ಕೈಮುಗಿತ ಅಲ್ಲಿ ಸಿಕ್ಕಿಕೊಂಡಿತ್ತು. ಅತ್ತೆಯವರು ಮೆತ್ತನೆಯ ಕುಂಚದಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ನಾನು ರೆಕ್ಕೆ ತಿರುಗದಂತೆ ಬೆರಳಿಟ್ಟು ಹಿಡಿದೆ. ಶಿಶಿರರು ತಿದಿಯಿಂದ ಗಾಳಿ ಊದಿದರು. ಊದಿದ್ದೆಲ್ಲ ಅವರ ಮುಖಕ್ಕೇ ಬಂದು, ಅವರು ಆಗ ತಾನೇ ಜಾತ್ರೆಯಿಂದ ಬಂದವರ ಹಾಗೆ ಕಂಡರು. ಇಷ್ಟು ಚೆಂದದ ಮನುಷ್ಯ ನನಗೆ ಹೇಗೆ ಸಿಕ್ಕರೋ! ಉದುರಿದ ವಿಭೂತಿಯನ್ನು ಅತ್ತೆಯವರು ಒಂದು ಬಟ್ಟಲಲ್ಲಿ ಕೂಡಿಸಿ ದೇವರ ಮುಂದೆ ಇಟ್ಟರು.

ಗರಿಗಳ ಗಡ್ಡೆಯನ್ನು ಎತ್ತಿದಾಗ ಅದಕ್ಕೂ ಪ್ರೊಸೆಸರಿಗೂ ನಡುವೆ ನೀವು ಹಚ್ಚಿದ್ದ ಪೇಸ್ಟ್ ಬೇಸಿಗೆಯ ಕೆರೆಯಂತೆ ಒಣಗಿ ಬಿರಿದಿತ್ತು. ಅದನ್ನು ಮೆಲ್ಲನೆ ಒರೆಸಿ ತೆಗೆದೆ. ಅಂಥ ಪೇಸ್ಟ್ ಈಗ ಸಿಗುವುದಿಲ್ಲ. ನಮ್ಮ ಕಾಲುವೆಯ ಕೊಳವೆಗಳ ಬೆಸುಗೆಗೆ ಬಳಸುವ ತಂಪುಮೇಣ ಇದೆ, ಅದೂ ಕಾವನ್ನು ಒಂದು ಲೋಹದಿಂದ ಇನ್ನೊಂದಕ್ಕೆ ದಾಟಿಸುತ್ತದೆ, ವಿದ್ಯುತ್ತನ್ನು ದಾಟಿಸುವುದಿಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ ನಡುವೆ ಒಂದು ಚುಕ್ಕೆ ಇಟ್ಟೆ.

"ಅಷ್ಟನ? ಮದುವಿ ಮನಿ ಐತಿ, ಕೈ ಬಿಗಿ ಮಾಡಬ್ಯಾಡ. ಚಲೋತ್ನಂಗ ಹಚ್ಚು."

"ಜಾಸ್ತಿ ಆದ್ರ ಅದೇ ಕಂಬಳಿ ಆಗ್ತೈತ್ರಿ ಅತ್ತಿಯವರ."

ಅವರು ಒಪ್ಪಿದರು, ಆದರೆ ಮುಖದಲ್ಲಿ ಸಮಾಧಾನ ಇರಲಿಲ್ಲ. ಗಡ್ಡೆಯನ್ನು ನೇರವಾಗಿ ಒತ್ತಿ, ಮೂಲೆಯಿಂದ ಎದುರು ಮೂಲೆಗೆ ತಿರುಪು ಬಿಗಿದೆವು. ಕೊನೆಗೆ ಅತ್ತೆಯವರು ಬೆರಳಿಗೆ ವಿಭೂತಿ ತೆಗೆದುಕೊಂಡು ಅಭ್ಯಾಸದಂತೆ ಜಾಲರಿಯ ಕಡೆ ಹೋದರು, ನಿಂತರು, ನನ್ನ ಮುಖ ನೋಡಿದರು. ಆಮೇಲೆ ಮೇಲಿನ ತಗಡಿನ ಮೇಲೆ, ರಂಧ್ರವಿಲ್ಲದ ಕಡೆ, ಮೂರು ಗೆರೆ ಎಳೆದರು.

ಮೂರನೆಯ ಶುಕ್ರವಾರ ಎಲ್ಲರೂ ಮತ್ತೆ ಬಂದರು, ಪಾರಮ್ಮನವರು ಮುಂದಿನ ಸಾಲಿನಲ್ಲಿ. ಗಂಟೆ ಹೊತ್ತೆವು. ಹೊಳೆ ದಾಟಿದೆವು. ಬೆಟ್ಟದ ಬುಡ ಬಂತು, ಅತ್ತೆಯವರು ತಮಗೇ ಅರಿವಿಲ್ಲದೆ ಎದ್ದು ನಿಂತರು. ಹೆಜ್ಜೆ ತಪ್ಪಬಾರದೆಂದು ನಾವಿಬ್ಬರೂ ಒಂದು ಎರಡು ಎಂದು ಗುನುಗುತ್ತ ಹತ್ತಿದೆವು. ನೆತ್ತಿಯ ಬಿರುಗಾಳಿ ಶುರುವಾದಾಗ ಫ್ಯಾನ್ ಜೋರಾಯಿತು, ಎಲ್ಲರೂ ಚಪ್ಪಾಳೆಗೆ ಕೈ ಎತ್ತಿದರು. ಆದರೆ ಫ್ಯಾನ್ ಕೂಗಲಿಲ್ಲ. ಗಾಳಿ ಬಂದು ಹೋದ ಸದ್ದು ಅಷ್ಟೇ. ಪೆಟ್ಟಿಗೆ ಆರಲಿಲ್ಲ.

ಇದು ಯಾರೂ ಯೋಚಿಸದಿದ್ದ ಫಜೀತಿ. ಆರದಿದ್ದರೆ ಆಶೀರ್ವಾದ ಎಲ್ಲಿಯದು? ಎತ್ತಿದ ಕೈಗಳನ್ನು ಜನ ಹೇಗೆ ಇಳಿಸುವುದೆಂದು ತಿಳಿಯದೆ ನಿಂತಿದ್ದರು. "ಈಗ ಹೋಳಿಗಿ ಕೊಡೋದೋ ಬಿಡೋದೋ?" ಎಂದು ಯಾರೋ ಕೇಳಿದರು. "ಹಿರಿಯರು ಮಾತೇ ಬಿಟ್ರಲ್ಲವ್ವಾ" ಎಂದು ಪಾರಮ್ಮನವರು ಹಣೆ ಹಣೆ ಬಡಿದುಕೊಂಡರು. ಶಿಶಿರರು ಪರದೆಯಿಂದ ಕಣ್ಣು ತೆಗೆಯದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಡಿ ಇಬ್ಬನಿ. ಮುಂದ ಏನೈತಿ ನೋಡೋಣು."

ಬೆಟ್ಟದ ಆಚೆ ಇಳಿದೆವು. ಅಲ್ಲಿ ಬಯಲು. ನಿಮ್ಮ ಜೋಡಿಯ ನಂತರ ಈ ಮನೆಯ ಯಾರೂ ಆ ಕಡೆ ಹೋಗಿರಲಿಲ್ಲ. ಆಟ ಪ್ರತಿ ಜೋಡಿಗೂ ಮೊದಲಿನಿಂದ ಶುರುವಾದರೂ ಆಟದೊಳಗಿನ ನೆಲ ಒಂದೇ, ಅಲ್ಲಿ ಒಮ್ಮೆ ಕಟ್ಟಿದ್ದು ಹಾಗೆಯೇ ಉಳಿಯುತ್ತದೆ ಎಂದು ನಮಗೆ ಆಗ ತಿಳಿಯಿತು. ಬಯಲಿನಲ್ಲಿ ಒಂದು ಮನೆ ಇತ್ತು, ಕಲ್ಲಿನ ಗೋಡೆ, ಮುಂದೆ ಕಟ್ಟೆ. ನೀವು ಕಟ್ಟಿದ್ದು. ಕಟ್ಟೆಯ ಮೇಲೆ ನೆರಳಿನಲ್ಲಿ ಒಂದು ಮಡಕೆ, ಅದರ ಪಕ್ಕದಲ್ಲಿ ಬೋರಲು ಹಾಕಿದ ಎರಡು ಲೋಟ.

ಬಿಸಿಲಿನಿಂದ ಬಂದವರಿಗೆ ಬಳ್ಳಾರಿಯಲ್ಲಿ ಮೊದಲು ಏನು ಕೊಡುತ್ತಾರೆಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾರಮ್ಮನವರೇ ಮೊದಲು ಅಂದರು, ಅದೂ ಪಿಸುದನಿಯಲ್ಲಿ. "ಯವ್ವಾ. ನೀರಿಟ್ಟಾರ." ನಮ್ಮ ಪ್ರಯಾಣಿಕರು ಗಂಟೆ ಇಳಿಸಿ ಕಟ್ಟೆಯ ಮೇಲೆ ಕೂತರು. ಅಷ್ಟು ವರ್ಷ ನೀವು ಸಾಕು ಎಂದದ್ದೇ ಇಲ್ಲ ಅಜ್ಜಿ. ಬನ್ನಿ ಎಂದು ಕರೆಯುತ್ತಲೇ ಇದ್ದಿರಿ, ಕೇಳುವಷ್ಟು ದೂರಕ್ಕೆ ನಾವು ಬಂದಿರಲಿಲ್ಲ.

ಅತ್ತೆಯವರು ನನ್ನ ಬಳಿಗೆ ಬಂದರು. ಸೊಂಟದಿಂದ ಕೀಲಿ ಬಿಡಿಸಿದರು, ನನ್ನ ಸೊಂಟಕ್ಕೆ ತಾವೇ ಸಿಕ್ಕಿಸಿದರು. "ನಾಳೆ ಲಗೂನ ಏಳು. ಕೊಳವಿ ಬಾಯಾಗ ಕೀಲಿ ಸ್ವಲ್ಪ ಬಿಗಿ ಬರ್ತೈತಿ" ಎಂದರು. ಹೋಳಿಗೆ ಹಂಚಿದ್ದು ಪಾರಮ್ಮನವರು. ನನಗೆ ಎರಡು ಹಾಕಿದರು.

ಈಗ ನನ್ನ ಬಿನ್ನಹ. ಪೆಟ್ಟಿಗೆಯ ತಾರೀಖಿನಲ್ಲಿ ನೀವು ಇದನ್ನು ಇನ್ನೂ ಜೋಡಿಸಿಲ್ಲ. ಜೋಡಿಸಿದ ಮೇಲೆ ಆಗಾಗ ಬಿಚ್ಚಿ ಧೂಳು ತೆಗೆಯಿರಿ, ಪೇಸ್ಟ್ ಒಣಗಿದರೆ ಬದಲಿಸಿ, ಗೋಡೆಗೆ ಒತ್ತಿ ಇಡಬೇಡಿ. ಮಕ್ಕಳಿಗೂ ಬಿಚ್ಚುವುದನ್ನು ಕಲಿಸಿ, ಹಿರಿಯರನ್ನು ಮುಟ್ಟಲು ಹೆದರಬಾರದೆಂದು ಹೇಳಿ. ವಿಭೂತಿ ಹೊರಗಿನ ತಗಡಿಗೆ ಸಾಕು. ಇದೆಲ್ಲ ಮರೆತರೂ ಅಡ್ಡಿಯಿಲ್ಲ, ನಾವು ಒರೆಸಿಕೊಳ್ಳುತ್ತೇವೆ. ಒಂದನ್ನು ಮಾತ್ರ ಮರೆಯಬೇಡಿ. ಬೆಟ್ಟದ ಆಚೆ ಆ ಮನೆ ಕಟ್ಟಿ, ಕಟ್ಟೆಯ ಮೇಲೆ ಮಡಕೆ ಇಡಿ. ಹೊರಗೆ ನನ್ನ ಅತ್ತೆ ಕರೆಯುತ್ತಿದ್ದಾರೆ, ಕೊಳವೆಗೆ ನೀರು ಬರುವ ಹೊತ್ತಾಯಿತು. ನಿನ್ನೆಯಿಂದ ಎದ್ದೇ ಇರುವ ಪೆಟ್ಟಿಗೆಯನ್ನು ನಾನೇ ಆರಿಸುತ್ತೇನೆ, ನಿಮ್ಮ ನಂತರ ಈ ಮನೆಯಲ್ಲಿ ಅದನ್ನು ಒಬ್ಬರು ಕೈಯಾರೆ ಆರಿಸುವುದು ಇದೇ ಮೊದಲಂತೆ. ನಾವು ಬರುವುದು ಬಹಳ ತಡವಾಗುತ್ತದೆ. ನೀರಿಟ್ಟಿರಿ.

ನಿಮ್ಮ
ಇಬ್ಬನಿ